ಜೋಗತಿ ಕಲೆ

ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ ಮೊದಲಾದ ದೇವತೆಯರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಮುಡಿಪಾದವರು ಬೆಳೆಸಿಕೊಂಡು ಬಂದ ಹಾಡು, ಕುಣಿತ ಮತ್ತು ಆಟಗಳ ಪರಂಪರೆಯೇ ಜೋಗತಿ ಕಲೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು ಇದರ ನೆಲೆ. ಗಡಿ ದಾಟಿದರೆ ಕೊಲ್ಹಾಪುರ, ಸಾಂಗಲಿಯ ಕಡೆಗೂ ಇದೇ ದೇವಿಯ ಒಕ್ಕಲು ಹಬ್ಬಿದೆ. ಈ ಕಲೆಯನ್ನು ಆಡುವವರಲ್ಲಿ ಎರಡು ಬಗೆಯವರಿದ್ದಾರೆ. ಹೆಣ್ಣಾಗಿ ಹುಟ್ಟಿ ದೇವಿಗೆ ಬಿಟ್ಟವರು ಒಂದು ಕಡೆ. ಗಂಡಾಗಿ ಹುಟ್ಟಿ, ದೇವಿ ಮೈದುಂಬಿದಳೆಂದು ಸೀರೆ ಉಟ್ಟವರು ಇನ್ನೊಂದು ಕಡೆ. ಎರಡನೆಯವರನ್ನು ಊರು ಜೋಗಪ್ಪ ಎನ್ನುತ್ತದೆ. ಅವರಲ್ಲಿ ಹಲವರು ತಮ್ಮನ್ನು ಜೋಗತಿ, ಜೋಗಮ್ಮ ಎಂದೇ ಕರೆದುಕೊಳ್ಳುತ್ತಾರೆ. ಈ ಲೇಖನವೂ ಬಹುಮಟ್ಟಿಗೆ ಅವರ ಮಾತನ್ನೇ ಹಿಡಿದಿದೆ.

ಲಿಂಗತ್ವ ಅಲ್ಪಸಂಖ್ಯಾತ ಕಲಾವಿದರು ಎಂದೊಡನೆ ಇಂದು ನಗರದ ರಂಗಮಂದಿರ, ಸಿನಿಮಾ, ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಪ್ರೈಡ್ ಮೆರವಣಿಗೆ ನೆನಪಾಗುವುದುಂಟು. ಅದಕ್ಕಿಂತ ಬಹಳ ಹಿಂದಿನಿಂದ, ಯಾವ ದೀಪದ ಬೆಳಕೂ ತಲುಪದ ಗುಡಿಯಂಗಳದಲ್ಲಿ, ಕಣದಲ್ಲಿ, ಮನೆಯ ಕಟ್ಟೆಯ ಮುಂದೆ ಜೋಗತಿಯರು ಹಾಡುತ್ತ ಬಂದಿದ್ದಾರೆ. ಇವರ ಬಗ್ಗೆ ಬಂದ ಬರವಣಿಗೆ ಹೆಚ್ಚಾಗಿ ನಂಬಿಕೆ, ಶೋಷಣೆ, ರೋಗ, ಬಡತನಗಳನ್ನು ಕುರಿತದ್ದು. ಅವರ ಕೊರಳು, ಲಯ, ನೆನಪಿನಲ್ಲಿ ಹೊತ್ತ ಸಾವಿರಾರು ಸಾಲುಗಳ ಕಥನ ಆ ಬರವಣಿಗೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದೆ. ಇಲ್ಲಿ ಮೊದಲ ಸ್ಥಾನ ಆ ಕಲೆಗೆ.

ದೇವಿ, ಕತೆ, ಮುತ್ತು

ಕಲೆಯ ಬೇರು ರೇಣುಕೆಯ ಕತೆಯಲ್ಲಿದೆ. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ಹೊಳೆಗೆ ಹೋಗಿ, ಹಸಿ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ತರುತ್ತಿದ್ದಳು. ಒಂದು ದಿನ ನೀರಾಟವಾಡುತ್ತಿದ್ದ ಗಂಧರ್ವರ ಕಡೆ ಕಣ್ಣು ಹೋಯಿತು, ಚಿತ್ತ ಕದಡಿತು, ಮರಳು ಕೊಡವಾಗಲಿಲ್ಲ. ಸಿಟ್ಟಾದ ಗಂಡ ಅವಳ ತಲೆ ಕಡಿಯಿರೆಂದು ಮಕ್ಕಳಿಗೆ ಹೇಳಿದ. ಹಿರಿಯರು ಒಲ್ಲೆವೆಂದರು, ಪರಶುರಾಮ ಕಡಿದ, ಅವನು ಬೇಡಿದ ವರದಿಂದಲೇ ತಾಯಿ ಮತ್ತೆ ಎದ್ದಳು. ಪುರಾಣದ ಈ ಕತೆ ಜನಪದರ ಬಾಯಲ್ಲಿ ಬೇರೆಯೇ ತಿರುವು ಪಡೆದಿದೆ. ತಾಯಿಯ ಮೇಲೆ ಕೈ ಎತ್ತದ ಮಕ್ಕಳು ತಂದೆಯ ಶಾಪದಿಂದ ಗಂಡಸುತನ ಕಳೆದುಕೊಂಡರು, ಜೋಗಪ್ಪರು ಅವರ ಸಂತತಿ ಎಂಬ ಪಾಠವೊಂದಿದೆ. ಗಂಡನ ಶಾಪ ತಟ್ಟಿದ ರೇಣುಕೆಯ ಮೈತುಂಬ ಹುಣ್ಣಾಗಿ, ಎಕ್ಕಯ್ಯ ಜೋಗಯ್ಯರೆಂಬ ಶಿವಯೋಗಿಗಳು ಅವಳನ್ನು ಗುಣಪಡಿಸಿದರೆಂದೂ, ಅವಳು ಮನೆಮನೆಗೆ ಹೋಗಿ ಜೋಗ ಎಂಬ ಭಿಕ್ಷೆ ಬೇಡಿದಳೆಂದೂ ಹಾಡುಗಳು ಹೇಳುತ್ತವೆ. ಗಂಡನ ಮನೆಯಿಂದ ಹೊರಬಿದ್ದ, ಮೈ ಕೆಟ್ಟ, ಬೇಡಿ ಉಂಡ ದೇವಿ ಈಕೆ. ಮನೆಯಿಂದ ಹೊರಬಿದ್ದವರು ಇವಳನ್ನೇ ಅವ್ವ ಎಂದು ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ?

ಹುಡುಗನೊಬ್ಬ ಹೆಣ್ಣಿನ ನಡೆ, ಉಡುಗೆ, ಕೆಲಸಗಳ ಕಡೆ ವಾಲಿದಾಗ, ತಲೆಯಲ್ಲಿ ಜಡೆ ಕಟ್ಟಿದಾಗ, ವಾಸಿಯಾಗದ ಚರ್ಮರೋಗ ಬಂದಾಗ ಮನೆಯವರು ಅದನ್ನು ದೇವಿಯ ಕಾಟವೆಂದು ತಿಳಿಯುತ್ತಿದ್ದರು. ಆಗ ಸವದತ್ತಿಯ ಗುಡ್ಡದಲ್ಲೋ ತುಂಗಭದ್ರೆಯ ದಂಡೆಯ ಹುಲಿಗಿಯಲ್ಲೋ ಉಡದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ ಕೊರಳಿಗೆ ಮುತ್ತಿನ ಸರ ಕಟ್ಟುವ ವಿಧಿ ನಡೆಯುತ್ತದೆ. ಅಂಗಛೇದ ಈ ಪರಂಪರೆಯ ಭಾಗವಲ್ಲ. ದೇವಿ ಬಂದಳೆಂಬುದೇ ಇಲ್ಲಿ ಹೆಣ್ತನದ ಆಧಾರ. ಉತ್ತರ ಭಾರತದ ಹಿಜಡಾ ಸಮುದಾಯಕ್ಕೂ ಜೋಗಪ್ಪರಿಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೊಂದು. ಸೀರೆ ಉಟ್ಟವರು ಹಿರಿಯ ಜೋಗತಿಯೊಬ್ಬರ ಆಸರೆ ಸೇರುತ್ತಾರೆ. ಅಲ್ಲಿಂದಾಚೆಗೆ ಆಕೆಯೇ ಗುರು, ಆಕೆಯೇ ತಾಯಿ; ಅನ್ನವೂ ವಿದ್ಯೆಯೂ ಸಿಗುವುದು ಅವಳ ಕೈಯಿಂದ. ಮಾನವಶಾಸ್ತ್ರಜ್ಞ ನಿಕೋಲಸ್ ಬ್ರಾಡ್‌ಫರ್ಡ್ 1983ರಲ್ಲಿ ಪ್ರಕಟಿಸಿದ ಲೇಖನ ಎಲ್ಲಮ್ಮನ ಆರಾಧನೆಯಲ್ಲಿ ಲಿಂಗಾಂತರವನ್ನು ವಿವರವಾಗಿ ನೋಡಿದ ಮೊದಲ ಅಧ್ಯಯನಗಳಲ್ಲೊಂದು. ಬೆಂಗಳೂರಿನ 'ಅನೇಕ' ಎಂಬ ಸಂಸ್ಥೆ ಮುಂದೆ ಜೋಗಪ್ಪರ ಬದುಕನ್ನು ಕುರಿತು ಕ್ಷೇತ್ರಕಾರ್ಯ ನಡೆಸಿ ವರದಿ ತಂದಿತು.

ವರ್ಷದ ಲೆಕ್ಕ ಹುಣ್ಣಿಮೆಗಳಲ್ಲಿ ನಡೆಯುತ್ತದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ಬಳೆ ಒಡೆಯುತ್ತಾರೆ, ಮಾಘದ ಭಾರತ ಹುಣ್ಣಿಮೆಗೆ ಅವನು ಮತ್ತೆ ಬದುಕಿದನೆಂದು ಬಳೆ ತೊಡುತ್ತಾರೆ. ಗುಡ್ಡದ ದೊಡ್ಡ ಜಾತ್ರೆಯಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಬಂದ ಲಕ್ಷಾಂತರ ಜನ ಉಧೋ ಉಧೋ ಎನ್ನುತ್ತ ಅರಿಶಿನದ ಭಂಡಾರ ತೂರುತ್ತಾರೆ, ಎಡೆಯ ಬುಟ್ಟಿಯಾದ ಪಡ್ಡಲಗಿ ತುಂಬಿಸುತ್ತಾರೆ. ಪಡ್ಡಲಗಿಯ ಮುಂದೆ ಹಾಡಲು ಜೋಗತಿಯರು ಬೇಕೇ ಬೇಕು. ಉಳಿದ ದಿನಗಳಲ್ಲಿ ಮಂಗಳವಾರ, ಶುಕ್ರವಾರ ಜೋಗಕ್ಕೆ ಹೊರಡುವುದು. ಮದುವೆ, ಮನೆ ಒಕ್ಕಲು, ತೊಟ್ಟಿಲು, ಹರಕೆಗಳಿಗೆ ಕರೆ ಬಂದರೆ ಹೋಗುವುದು. ಮೇಲ್ಜಾತಿಯ ಮನೆಗಳೂ ಕರೆಯುತ್ತವೆ, ಪಾದಕ್ಕೆ ನೀರೆರೆಯುತ್ತವೆ. ಅದೇ ಮನೆಯಲ್ಲಿ ಒಂದು ಮಗು ಸೀರೆ ಉಟ್ಟರೆ ಹೊಡೆತ ಬೀಳುತ್ತದೆ. ಬೇರೆಯವರ ಮನೆಯ ಜೋಗತಿ ದೇವರು, ತನ್ನ ಮನೆಯದಾದರೆ ಮಾನದ ಮಾತು. ಈ ಇಬ್ಬಂದಿತನದ ನಡುವೆಯೇ ಕಲೆ ಬೆಳೆದಿದೆ.

ಚೌಡಿಕೆ

ಜೋಗತಿ ಮ್ಯಾಳದಲ್ಲಿ ಸಾಮಾನ್ಯವಾಗಿ ನಾಲ್ಕೈದು ಜನ ಇರುತ್ತಾರೆ. ಮುಂದಾಳು ಚೌಡಿಕೆ ನುಡಿಸುತ್ತ ಹಾಡುತ್ತಾಳೆ; ಒಬ್ಬಳು ಶ್ರುತಿಯ ತಂತಿ ಮೀಟುತ್ತಾಳೆ; ಒಬ್ಬಳು ತಾಳ ಹಾಕುತ್ತಾಳೆ; ಇನ್ನೊಬ್ಬಳು ಕೊಡ ಅಥವಾ ಜಗ ಹೊತ್ತು ಕುಣಿಯುತ್ತಾಳೆ. ಚೌಡಿಕೆ ಎಂದರೆ ಕೊಳಗದಾಕಾರದ ಮರದ ಕೊಳವೆ. ಕೆಳಬಾಯಿಗೆ ಚರ್ಮ ಬಿಗಿದಿರುತ್ತದೆ. ಚರ್ಮದ ನಟ್ಟನಡುವಿನಿಂದ ಹೊರಟ ತಂತಿ ಕೊಳವೆಯೊಳಗಿಂದ ಮೇಲೆದ್ದು, ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿಯ ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಎಡತೋಳಿನಡಿ ಅವುಚಿಕೊಂಡು ಬಲಗೈಯ ಸಣ್ಣ ಕಡ್ಡಿಯಿಂದ ಮೀಟುವುದು ಕ್ರಮ. ತಂತಿಯ ನಾದ, ಚರ್ಮದ ಗುಮ್ಮು ಎರಡೂ ಒಂದೇ ಹೊಡೆತದಲ್ಲಿ ಹುಟ್ಟುವುದರಿಂದ ಇದು ಏಕಕಾಲಕ್ಕೆ ಶ್ರುತಿಗೂ ಲಯಕ್ಕೂ ಒದಗುತ್ತದೆ. ಇದರ ಹುಟ್ಟಿನ ಕತೆ ಭೀಕರವಾದದ್ದು. ತಂದೆಯನ್ನು ಕೊಂದ ಕಾರ್ತವೀರ್ಯನನ್ನು ಕಡಿದ ಪರಶುರಾಮ ಅವನ ತಲೆ, ಚರ್ಮ, ನರಗಳಿಂದ ಈ ವಾದ್ಯ ಮಾಡಿ, ನುಡಿಸಿ ತಾಯಿಯನ್ನು ನಗಿಸಿದನಂತೆ.

ಒಂದೇ ತಂತಿ, ಕೆಲವೇ ಸ್ವರಗಳು. ಈ ಮಿತಿಯಲ್ಲಿ ಗಾಯಕಿಯ ಕೆಲಸ ದೊಡ್ಡದು. ಮುಂದಾಳು ಒಂದು ನುಡಿ ಎತ್ತುತ್ತಾಳೆ, ಹಿಮ್ಮೇಳದವರು ಅದರ ಬಾಲ ಹಿಡಿದು ಮೇಲಕ್ಕೆಳೆಯುತ್ತಾರೆ. ಅವರು ಎಳೆಯುತ್ತಿರುವಾಗ ಈಕೆ ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಗಂಡುಕೊರಳಿನ ತಗ್ಗುಸ್ಥಾಯಿ ಇಲ್ಲಿ ಕುಂದಲ್ಲ. ಜೋಗತಿಯರಲ್ಲಿ ಬಹುಪಾಲು ಜನ ಹೆಣ್ಣುದನಿಯನ್ನು ಅನುಕರಿಸಲು ಹೋಗುವುದಿಲ್ಲ. ತಮ್ಮ ಎದೆಯ ದನಿಯಲ್ಲೇ ರೇಣುಕೆಯ ಅಳಲನ್ನು ಹಾಡುತ್ತಾರೆ. ತಾಯಿಯ ಮಾತು ದಪ್ಪ ದನಿಯಲ್ಲಿ ಬಂದಾಗ ಕತೆಗೆ ಒದಗುವ ತೂಕವನ್ನು ಒಮ್ಮೆ ಕೇಳಿದವರು ಮರೆಯಲಾರರು. ಸಿನಿಮಾ ಹಾಡುಗಾರಿಕೆ ಹೆಣ್ಣುದನಿ ಎಂದರೆ ತಾರಸ್ಥಾಯಿ ಎಂದು ಕಿವಿಯನ್ನು ಪಳಗಿಸಿದ ನಾಡಿನಲ್ಲಿ ಈ ದನಿ ಆಕಾಶವಾಣಿಗೂ ಧ್ವನಿಸುರುಳಿ ಕಂಪನಿಗಳಿಗೂ ಬೇಗ ಹತ್ತಿರವಾಗಲಿಲ್ಲ. ಇಂದಿಗೂ ಚೌಡಿಕೆ ಪದಗಳೆಂದು ಮಾರಾಟವಾಗುವ ಹಾಡುಗಳಲ್ಲಿ ಕೀಬೋರ್ಡು, ರಿದಂ ಪ್ಯಾಡುಗಳ ಸದ್ದೇ ಹೆಚ್ಚು.

ಹಾಡಿನ ವಸ್ತು ಬರೀ ದೇವಿಯ ಮಹಿಮೆ ಎಂದುಕೊಂಡರೆ ತಪ್ಪು. ಬರಗಾಲ, ಅತ್ತೆಯ ಕಾಟ, ಮಕ್ಕಳಿಲ್ಲದ ಕೊರಗು, ಬಿಟ್ಟುಹೋದ ತವರು, ಊರ ಗೌಡನ ದರ್ಪ ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ನೆರೆದ ಜನರನ್ನು ನೋಡಿ ಹಾಡುಗಾರ್ತಿ ಕತೆಯನ್ನು ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ.

ಕೊಡದ ಕುಣಿತ

ದೇವಿಯ ಮುಖವನ್ನು ಕೂರಿಸಿ, ಬೇವಿನ ಸೊಪ್ಪು, ನವಿಲುಗರಿ, ಹೂವುಗಳಿಂದ ಸಿಂಗರಿಸಿದ ಹಿತ್ತಾಳೆ ಅಥವಾ ತಾಮ್ರದ ಕೊಡವನ್ನು ಕೈ ಆನಿಸದೆ ತಲೆಯ ಮೇಲೆ ಹೊತ್ತು ಕುಣಿಯುವುದು ಈ ಕಲೆಯ ಅತ್ಯಂತ ಪರಿಚಿತ ರೂಪ. ಬುಟ್ಟಿಯಲ್ಲಿ ದೇವಿಯನ್ನಿಟ್ಟುಕೊಂಡು ಹೊತ್ತರೆ ಅದು ಜಗ. ಹೆಜ್ಜೆಗಳು ಮೊದಲು ಸಾವಕಾಶ, ಬರಬರುತ್ತ ಬಿರುಸು. ಸೊಂಟದಿಂದ ಕೆಳಗೆ ಎಲ್ಲ ಚಲನೆ, ಕೊರಳಿನಿಂದ ಮೇಲೆ ನಿಶ್ಚಲತೆ. ಪಳಗಿದವರು ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುತ್ತಾರೆ, ಮಲಗಿ ಏಳುತ್ತಾರೆ, ಕೊಡ ಮಾತ್ರ ಕದಲುವುದಿಲ್ಲ. ಚಿತ್ತ ಕದಡಿದಾಗ ರೇಣುಕೆಯ ಮರಳು ಕೊಡವಾಗಲಿಲ್ಲ. ಇವರ ಕೊಡ ನಿಲ್ಲುವುದೂ ಚಿತ್ತದಿಂದಲೇ ಎಂಬುದು ಕಲಿಸುವ ಗುರುಗಳ ಮಾತಿನ ಸಾರ. ವೇದಿಕೆಯ ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ನೋಟು ಎತ್ತುವ ಗಳಿಗೆಗೆ. ಕುಣಿತದ ಚೆಲುವಿರುವುದು ಮಾತ್ರ ಅದಕ್ಕೆ ಮೊದಲಿನ ನಿಧಾನದ ಹೆಜ್ಜೆಗಳಲ್ಲಿ, ಚೌಡಿಕೆಯ ಹೊಡೆತಕ್ಕೂ ಹಿಮ್ಮಡಿಗೂ ನಡುವೆ ಆಕೆ ಉಳಿಸಿಕೊಳ್ಳುವ ಎಳೆಯಷ್ಟು ಅಂತರದಲ್ಲಿ.

ಎಲ್ಲಮ್ಮನಾಟ

ಹರಕೆ ಹೊತ್ತವರ ಮನೆಮುಂದೆ ಅಥವಾ ಊರ ಬಯಲಲ್ಲಿ ರಾತ್ರಿಯಿಡೀ ನಡೆಯುವ ಎಲ್ಲಮ್ಮನಾಟ ಈ ಪರಂಪರೆಯ ನಾಟಕರೂಪ. ರೇಣುಕೆಯ ಹುಟ್ಟು, ಮದುವೆ, ಹೊಳೆಯ ಪ್ರಸಂಗ, ಶಾಪ, ಎಕ್ಕಯ್ಯ ಜೋಗಯ್ಯರ ಭೇಟಿ, ಕಾರ್ತವೀರ್ಯ ಕಾಮಧೇನುವಿಗೆ ಕೈಹಾಕುವುದು, ಪರಶುರಾಮನ ಸೇಡು ಹೀಗೆ ಕತೆ ಸಾಗುತ್ತದೆ. ಪದಗಳು ಗಟ್ಟಿ, ಮಾತು ಆಶು. ಆರಾಧನೆ ಯಾವಾಗ ಮುಗಿಯಿತು, ನಾಟಕ ಯಾವಾಗ ಮೊದಲಾಯಿತು ಎಂದು ಗೆರೆ ಎಳೆಯಲಾಗದು. ದೇವಿಯ ಪಾತ್ರಧಾರಿ ಬಂದಾಗ ಜನ ಎದ್ದು ಕೈಮುಗಿಯುತ್ತಾರೆ, ಉಡಿ ತುಂಬುತ್ತಾರೆ. ಅರೆಗಳಿಗೆಯಲ್ಲಿ ಅದೇ ಜನ ಹಾಸ್ಯದ ಮಾತಿಗೆ ಬಿದ್ದು ಬಿದ್ದು ನಗುತ್ತಾರೆ.

ಜೋಗತಿಯರೇ ತುಂಬಿದ ಮ್ಯಾಳದಲ್ಲಿ ಜಮದಗ್ನಿ, ಪರಶುರಾಮ, ಕಾರ್ತವೀರ್ಯರ ಪಾತ್ರವನ್ನೂ ಅವರೇ ಕಟ್ಟುತ್ತಾರೆ. ಗಂಡೆಂದು ಬೆಳೆಸಿದ್ದನ್ನು ಬಿಟ್ಟು ಹೆಣ್ಣಾಗಿ ಬಾಳುತ್ತಿರುವವರು ರಾತ್ರಿ ಮೀಸೆ ಅಂಟಿಸಿ, ಕಿರೀಟ ತೊಟ್ಟು, ಹೆಂಡತಿಯ ತಲೆ ಕಡಿಯಿರೆಂದು ಗರ್ಜಿಸುವ ಗಂಡನಾಗುವುದು ಸಣ್ಣ ಸಂಗತಿಯಲ್ಲ. ಗಂಡಸಿನ ಅಧಿಕಾರದ ದನಿ ಎಂತಹದೆಂದು ಅವರು ಮನೆಯಲ್ಲೇ ಕೇಳಿ ಬಲ್ಲರು. ಆ ಅರಿವು ಪಾತ್ರದೊಳಗೆ ಕೆಲಸ ಮಾಡುತ್ತದೆ.

ಇದನ್ನು ಕನ್ನಡ ರಂಗಭೂಮಿಯ ಇನ್ನೊಂದು ಪರಂಪರೆಯ ಪಕ್ಕದಲ್ಲಿಟ್ಟು ನೋಡಬೇಕು. ಗಂಡಸರು ಹೆಣ್ಣು ಪಾತ್ರ ಮಾಡುವುದನ್ನು ಈ ಸೀಮೆ ಎಂದೂ ಹಗುರಾಗಿ ಕಂಡಿಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರಿಗೆ 1964ರಲ್ಲಿ ಪದ್ಮಭೂಷಣ ಬಂತು. ಅವರ ಕೀರ್ತಿ ಹುಬ್ಬಳ್ಳಿ, ಧಾರವಾಡಗಳಲ್ಲೂ ದೊಡ್ಡದು. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯ ಅವರಂತಹ ಸ್ತ್ರೀವೇಷಧಾರಿಗಳಿಗೆ ಸಂದ ಗೌರವ ಎಲ್ಲರಿಗೂ ಗೊತ್ತು. ಅವರ ಸಾಧನೆ ಪ್ರಶ್ನಾತೀತ. ಆದರೆ ಆ ಮೆಚ್ಚುಗೆಯ ಹಿಂದೆ ಒಂದು ಷರತ್ತಿತ್ತು: ಬಣ್ಣ ಒರೆಸಿದ ಮೇಲೆ ಕಲಾವಿದ ಪಂಚೆಯುಟ್ಟು ಮನೆಗೆ ಹೋಗಬೇಕು. ಬೆಳಗಾದ ಮೇಲೂ ಸೀರೆಯಲ್ಲೇ ಉಳಿದವರನ್ನು ಕಲೆಯ ಚರಿತ್ರೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಕಾಳವ್ವ, ಮಂಜಮ್ಮ

ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ ತಮ್ಮದೇ ತಂಡ ಕಟ್ಟಿಕೊಂಡು ಊರೂರು ತಿರುಗಿ ಜೋಗತಿ ಕುಣಿತ ಮತ್ತು ಎಲ್ಲಮ್ಮನಾಟವನ್ನು ಆಡಿದವರು. ಇಂದು ನಾಡು ಬಲ್ಲ ಬಿ. ಮಂಜಮ್ಮ ಜೋಗತಿ ಪಳಗಿದ್ದು ಇವರ ಬಳಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಹದಿಹರೆಯದಲ್ಲಿ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡರು. ಆಮೇಲೆ ಮನೆಯಲ್ಲಿ ನೆಲೆಯಿಲ್ಲದಾಯಿತು. ಭಿಕ್ಷೆ, ಹಲ್ಲೆ, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆಯ ಯತ್ನ ಎಲ್ಲವನ್ನೂ ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆ ಹಾಡುತ್ತ ಮಗ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡದ್ದು ಅವರ ಬದುಕನ್ನು ತಿರುಗಿಸಿತು. ಅಲ್ಲಿ ಹೆಜ್ಜೆ ಕಲಿತು, ಮುಂದೆ ಕಾಳವ್ವನ ತಂಡ ಸೇರಿ, ಆಕೆ ತೀರಿಕೊಂಡ ಮೇಲೆ ತಂಡದ ಹೊಣೆ ಹೊತ್ತರು. ಅವರು ನೆಲೆನಿಂತ ಮರಿಯಮ್ಮನಹಳ್ಳಿ ವೃತ್ತಿರಂಗಭೂಮಿಯ ಕಲಾವಿದೆಯರಿಗೆ ಹೆಸರಾದ ಊರು.

ಮಂಜಮ್ಮನವರಿಗೆ 2006ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದವು. 2019ರಲ್ಲಿ ಅದೇ ಅಕಾಡೆಮಿಗೆ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗಾಂತರಿ ಮಹಿಳೆ ಅವರು. 2021ರ ನವೆಂಬರ್ 9ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗು ಹಿಡಿದು ದೃಷ್ಟಿ ನಿವಾಳಿಸಿದರು. ಜೋಗತಿಯೊಬ್ಬಳು ಮನೆಬಾಗಿಲಲ್ಲಿ ನಿಂತು ಹರಸುವ ಕ್ರಮವನ್ನೇ ಅವರು ರಾಷ್ಟ್ರಪತಿ ಭವನಕ್ಕೆ ಒಯ್ದರು. ದೇಶದ ಬಹಳ ಜನ ಜೋಗತಿ ಎಂಬ ಹೆಸರನ್ನು ಕೇಳಿದ್ದೇ ಅಂದು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ಬಂದಿದೆ. ತಮಿಳುನಾಡಿನ ಭರತನಾಟ್ಯ ಕಲಾವಿದೆ ನರ್ತಕಿ ನಟರಾಜ್ ಅವರಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಅವರ ಹಿಂದೆ ತಂಜಾವೂರಿನ ಶಾಸ್ತ್ರೀಯ ಗುರುಪರಂಪರೆಯ ಬಲವಿತ್ತು, ಮಂಜಮ್ಮನವರ ಹಿಂದಿದ್ದದ್ದು ಬಸ್ ನಿಲ್ದಾಣ ಮತ್ತು ಕಾಳವ್ವ.

ಒಬ್ಬರಿಗೆ ಬಂದ ಪ್ರಶಸ್ತಿ ಉಳಿದವರ ಮನೆಯಲ್ಲಿ ಒಲೆ ಹಚ್ಚಿಸುವುದಿಲ್ಲ ಎಂಬ ಮಾತು ನಿಜ. ಆದರೂ ಮಗ ಸೀರೆ ಉಟ್ಟನೆಂದು ಕಂಗಾಲಾದ ತಂದೆತಾಯಿಗೆ ತೋರಿಸಲು ಒಂದು ಭಾವಚಿತ್ರ ಸಿಕ್ಕಿತು. ಇದನ್ನು ಸಣ್ಣದೆಂದು ಎಣಿಸಬಾರದು.

ಕಾನೂನು ಮತ್ತು ಹೊಟ್ಟೆಪಾಡು

ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು, ಅದರಲ್ಲೂ ದಲಿತ ಹೆಣ್ಣುಮಕ್ಕಳನ್ನು, ಬಳಸಿಕೊಂಡ ದೇವದಾಸಿ ಪದ್ಧತಿಯ ಕ್ರೌರ್ಯವನ್ನು ಯಾವ ಕಲೆಯ ಹೆಸರಿನಲ್ಲೂ ಮರೆಮಾಡುವಂತಿಲ್ಲ. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ತಂದಿತು. 1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ದೇವಿಯ ಜಾತ್ರೆಯ ವೇಳೆ ನಡೆದ ಗಲಭೆಯ ಬಳಿಕ ಅಲ್ಲಿನ ಬೆತ್ತಲೆಸೇವೆಗೂ ತಡೆ ಬಿತ್ತು. ಇವೆರಡೂ ಆಗಲೇಬೇಕಾಗಿದ್ದವು. ಆದರೆ ಆ ಕಾನೂನು ಮತ್ತು ಅದರ ಬೆನ್ನಿಗೆ ಬಂದ ಪುನರ್ವಸತಿ ಯೋಜನೆಗಳು ಹೆಣ್ಣಾಗಿ ಹುಟ್ಟಿದವರನ್ನು ಕುರಿತವು. ಅದೇ ಮುತ್ತು, ಅದೇ ಚೌಡಿಕೆ, ಅದೇ ಬಡತನದ ಜೋಗಪ್ಪರು ಆ ಲೆಕ್ಕದಲ್ಲಿ ಬರಲಿಲ್ಲ.

ಗುರುತು ಸಿಕ್ಕಿದ್ದು ಬೇರೆ ದಾರಿಯಿಂದ. 2011ರ ಜನಗಣತಿ ಗಂಡು, ಹೆಣ್ಣು ಬಿಟ್ಟು 'ಇತರೆ' ಎಂಬ ಕಲಂ ಇಟ್ಟಾಗ ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266 ಮಂದಿ ಅದರಡಿ ದಾಖಲಾದರು. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿದು, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯಗಳ ವಿವರಣೆಯಲ್ಲಿ ಜೋಗಪ್ಪರನ್ನೂ ಹೆಸರಿಸಿತು. ಲಿಂಗಾಂತರಿಗಳ ಹಕ್ಕುಗಳ ರಕ್ಷಣೆಗೆಂದು ಬಂದ 2019ರ ಕೇಂದ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜಡಾ, ಅರವಾಣಿಗಳ ಜೊತೆ ಜೋಗ್ತಾ ಎಂಬ ಹೆಸರಿದೆ. ಕರ್ನಾಟಕದಲ್ಲಿ ಮೈತ್ರಿ ಹೆಸರಿನ ಮಾಸಾಶನ ಬಂತು. 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇ. 1 ಸಮತಲ ಮೀಸಲಾತಿ ಜಾರಿಯಾಯಿತು. ಓದು ಅರ್ಧಕ್ಕೇ ನಿಂತ ಹಿರಿಯ ಜೋಗತಿಯರಿಗೆ ಹುದ್ದೆಯ ಮೀಸಲಾತಿ ದೂರದ ಮಾತು. ಅವರ ಗಳಿಕೆ ಇಂದಿಗೂ ಜೋಗದ ಕಾಳು, ಹರಕೆಯ ಸೀರೆ, ಕಾರ್ಯಕ್ರಮದ ಸಂಭಾವನೆ. ಸಂಭಾವನೆಗೆ ಕಲಾವಿದರ ಗುರುತಿನ ಚೀಟಿ, ಬ್ಯಾಂಕ್ ಖಾತೆ ಬೇಕು. ಖಾತೆಗೆ ಆಧಾರ್ ಬೇಕು. ಆಧಾರ್‌ನಲ್ಲಿ ಹಳೆಯ ಹೆಸರಿದ್ದರೆ ಮತ್ತೆ ಅಲೆದಾಟ. ನಡುವಯಸ್ಸು ದಾಟಿದ ಮೇಲೆ ಕೊಡ ಹೊರುವ ಕೊರಳು ಸೋಲುತ್ತದೆ.

ಗುಡಿಯಂಗಳದಿಂದ ವೇದಿಕೆಗೆ

ಜಾನಪದ ಜಾತ್ರೆ, ಹಂಪಿ ಉತ್ಸವ, ವಿಶ್ವವಿದ್ಯಾಲಯಗಳ ಕಾರ್ಯಕ್ರಮಗಳಿಗೆ ಜೋಗತಿಯರು ಈಗ ಬರುತ್ತಿದ್ದಾರೆ. ಅಲ್ಲಿ ಸಿಗುವ ಹೊತ್ತು ಕೆಲವೇ ನಿಮಿಷ. ರಾತ್ರಿಯಿಡೀ ಬಿಚ್ಚಿಕೊಳ್ಳುವ ಕಥನ ಅಷ್ಟರಲ್ಲಿ ಎರಡು ಪದ, ಒಂದು ಕಸರತ್ತಾಗಿ ಮುಗಿಯುತ್ತದೆ. ಕಲೆಯನ್ನು ಉಳಿಸಬೇಕೆನ್ನುವ ಸಂಘಟಕರು ಕನಿಷ್ಠ ಒಂದು ಪ್ರಸಂಗ ಪೂರ್ತಿ ಆಡುವಷ್ಟು ಸಮಯ ಕೊಡಬೇಕು. ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ 2016ರ ಸುಮಾರಿನಿಂದ ಜೋಗಪ್ಪರ ಜೊತೆ ಒಂದೇ ವೇದಿಕೆಯಲ್ಲಿ ಕೂತು ನಡೆಸಿದ ಕಚೇರಿಗಳ ಮಹತ್ವ ಇರುವುದು ಇಲ್ಲೇ. ಅಲ್ಲಿ ಜೋಗಪ್ಪರು ಮುಖ್ಯ ಗಾಯಕರು. ಸಭೆ ಅವರ ಹಾಡನ್ನು ಸಂಗೀತವೆಂದು ಕುಳಿತು ಕೇಳಿತು.

ನೆರೆಯ ಮಹಾರಾಷ್ಟ್ರದಲ್ಲಿ ರಾಜನ್ ಗವಸ್ ಅವರ ಕಾದಂಬರಿಗಳು ಎಲ್ಲಮ್ಮನ ಜೋಗತಿ, ಜೋಗ್ತ್ಯಾಗಳ ಬದುಕನ್ನು ಬರೆದವು. ಅವುಗಳನ್ನು ಆಧರಿಸಿದ 'ಜೋಗವಾ' ಚಿತ್ರ 2009ರಲ್ಲಿ ಬಂತು. ಕನ್ನಡದಲ್ಲಿ ಲಿಂಗಾಂತರಿ ಲೇಖಕಿ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಅವರು ಪಾತ್ರಕ್ಕೆ ಕೊಟ್ಟ ಘನತೆ ದೊಡ್ಡದು. ಹಾಗಿದ್ದೂ ಲಿಂಗಾಂತರಿಯ ಕತೆಯನ್ನು ಲಿಂಗಾಂತರಿ ನಟಿಯೇ ಆಡುವ ಅವಕಾಶ ಹೆಚ್ಚಾಗಿ ಒದಗಿದ್ದು ಹವ್ಯಾಸಿ ರಂಗಭೂಮಿಯಲ್ಲಿ. ಲಿಂಗಾಂತರಿ ಲೇಖಕಿ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರಿಂದ ಕನ್ನಡಕ್ಕೆ ಬಂದು, ಎಂ. ಗಣೇಶ ಅವರ ನಿರ್ದೇಶನದಲ್ಲಿ ಹೆಗ್ಗೋಡಿನ ಜನಮನದಾಟ ತಂಡದ 'ಬದುಕು ಬಯಲು' ನಾಟಕವಾಗಿ ಹಳ್ಳಿ, ಕಾಲೇಜುಗಳನ್ನು ಸುತ್ತಿತು. ಬೆಂಗಳೂರಿನ ಪಯಣ ಸಂಸ್ಥೆ ಮುಂದಿಟ್ಟ 'ತಲ್ಕಿ'ಯಲ್ಲಿ ವಯಸ್ಸಾದ ಲಿಂಗಾಂತರಿ ಮಹಿಳೆಯರು ತಮ್ಮ ಬಾಳನ್ನು ತಾವೇ ರಂಗಕ್ಕೆ ತಂದರು.

ಹೊಸ ತಲೆಮಾರಿನ ಹಲವರು ಹಳ್ಳಿಯ ಜೋಗಕ್ಕಿಂತ ಬೆಂಗಳೂರು, ಪುಣೆ, ಮುಂಬೈಗಳ ದಾರಿ ಹಿಡಿಯುತ್ತಿದ್ದಾರೆ. ಮುತ್ತು ಕಟ್ಟಿಸಿಕೊಳ್ಳದೆಯೂ ಹೆಣ್ಣಾಗಿ ಬಾಳಲು ಈಗ ಕಾನೂನಿನ ಆಧಾರವಿದೆ, ಶಸ್ತ್ರಚಿಕಿತ್ಸೆಯ ದಾರಿಯಿದೆ. ದೇವಿಯ ಕಾಟದ ನಂಬಿಕೆಗೆ ಒಳಗಾಗಲೇಬೇಕೆಂಬ ಒತ್ತಾಯವಿಲ್ಲ. ಇದು ಒಳ್ಳೆಯದೇ. ಆದರೆ ಹಾಡಿನ ವಿದ್ಯೆ ಸಾಗಿಬಂದದ್ದು ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ಅವಳ ಹಿಂದೆ ನಡೆದು, ತಾಳ ಹಾಕುತ್ತ ಪದ ಕಲಿಯುವ ಕ್ರಮದಿಂದ. ಆ ಮನೆಗಳು ಬರಿದಾಗುತ್ತಿವೆ. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಿದೆ. ಹಿರಿಯ ಜೋಗತಿಯರನ್ನು ಅಲ್ಲಿ ಸಂಬಳದ ಗುರುಗಳನ್ನಾಗಿ ನೇಮಿಸಿ, ಚೌಡಿಕೆಯನ್ನೂ ಇಡಿಯ ಎಲ್ಲಮ್ಮನಾಟವನ್ನೂ ಮುತ್ತಿನ ಹಂಗಿಲ್ಲದೆ ಬಯಸಿದ ಯಾರೇ ಆಗಲಿ ಕಲಿಯುವಂತೆ ಮಾಡಲು ಅಡ್ಡಿಯೇನೂ ಇಲ್ಲ. ಚೌಡಿಕೆಯ ಮರ ಕೊರೆದು ಚರ್ಮ ಬಿಗಿಯುವ ಕುಶಲಕರ್ಮಿಗಳನ್ನೂ ಆ ಕೆಲಸಕ್ಕೆ ಜೊತೆ ಮಾಡಿಕೊಳ್ಳಬೇಕು.